ನರಸಮ್ಮಕ್ಕ ಮತ್ತು ನನ್ನ ರುದ್ರಾಣಿ

ನಗುವಾಗ ನರಸಮ್ಮಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದದ್ದನ್ನು ನಾನು ಕಂಡೇ ಇಲ್ಲ. ಬೈರಕೂರಿನ ಹತ್ತಿರದ ನಮ್ಮೂರಿನ ಮಹಿಳಾ ಹಾಲಿನ ಸಂಘದಲ್ಲಿ ಆಕೆ ನಕ್ಕರೆ ಅರಳಿಕಟ್ಟೆಯ ಮೇಲಿದ್ದ ಗಂಡಸರು ತಿರುಗಿ ನೋಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮನೆಯಲ್ಲಿ ಎರಡು ಸೀಮೆ ಹಸು. ಸಂಘದ ಅಧ್ಯಕ್ಷೆ ಆಕೆಯೇ. ಯಾರದಾದರೂ ಹಾಲು ತೆಳ್ಳಗಿದ್ದರೆ ಬೈಯುತ್ತಿರಲಿಲ್ಲ. "ಏಮಮ್ಮಾ, ನಿಮ್ಮ ಹಸು ರಾತ್ರಿ ಶಾನೆ ನೀರು ಕುಡಿದೈತೆ. ನಾಳೆ ಬಿಂದಿಗೆ ಸ್ವಲ್ಪ ದೂರ ಇಡಿ" ಎನ್ನುತ್ತಿದ್ದಳು. ನೀರು ಬೆರೆಸಿದವಳೂ ನಗುತ್ತಿದ್ದಳು, ಮಾರನೆಯ ದಿನ ಹಾಲೂ ಸರಿಯಾಗಿರುತ್ತಿತ್ತು.

ನಮ್ಮ ಸಂಘದಲ್ಲಿ ಮೊದಲಿನಿಂದ ಒಂದು ಪದ್ಧತಿ ಇತ್ತು. ಕಾಗದದಲ್ಲಿ ನಿರ್ದೇಶಕರೆಲ್ಲ ಹೆಂಗಸರು, ಸಭೆಯ ದಿನ ಕುರ್ಚಿಯಲ್ಲಿ ಕೂರುವವರು ಅವರ ಗಂಡಂದಿರು. ಹೆಂಗಸರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದು, ಕೂಗಿದಾಗ ಒಳಗೆ ಬಂದು ಸಹಿ ಹಾಕಿ ಹೋಗುತ್ತಿದ್ದರು. ಅಧ್ಯಕ್ಷೆಯಾದ ಮೊದಲ ಸಭೆಯಲ್ಲೇ ಅಕ್ಕ ಬಾಗಿಲಲ್ಲಿ ನಿಂತು, "ಕುರ್ಚಿ ನಿಮ್ಮ ಹೆಂಡ್ತೀದು ಕಣಪ್ಪ, ಆಯಮ್ಮ ಕೂತ್ಕೊಳ್ಳಿ. ನೀವು ಹೋಗಿ ಕರೂಗೆ ಹುಲ್ಲಾಕಿ" ಅಂದಳು. ಗಂಡಸರು ಗೊಣಗುತ್ತಾ ಎದ್ದರು. ಖಾಲಿಯಾದ ಕುರ್ಚಿಗಳಲ್ಲಿ ಕೂರಲು ಹೆಂಗಸರಿಗೇ ಧೈರ್ಯ ಬರಲಿಲ್ಲ. ಪಕ್ಕದ ಮನೆಯ ಗೌರಮ್ಮ ನೆಲದ ಮೇಲೆ ಕುಳಿತುಬಿಟ್ಟಳು. ಅಕ್ಕ ಅವಳ ರಟ್ಟೆ ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು.

ಬಿ.ಎ. ಓದಿ ಮನೆಯಲ್ಲಿದ್ದ ನನ್ನನ್ನು ಸಭೆಯ ನಡಾವಳಿ ಬರೆಯಲು ಕರೆದವಳೂ ಆಕೆಯೇ. ಬರೆದದ್ದನ್ನು ಓದಿಸಿ ಕೇಳಿ, "ಏಮೇ ಸುಜಾತಾ, ನಾನು ಒದರಿದ್ದು ನಿನ್ ಕೈಲಿ ಎಷ್ಟು ಸಲೀಸಾಗಿ ಬರ್ತದೆ! ಸುಮ್ನೆ ಯಾಕಿದ್ದೀಯ, ಕತೆ ಬರಿಯೇ" ಅಂದಳು. ಅದುವರೆಗೆ ನನ್ನಿಂದ ಅಡುಗೆಯ ಹೊರತು ಬೇರೇನಾದರೂ ಆದೀತು ಎಂದು ಹೇಳಿದವರು ಯಾರೂ ಇರಲಿಲ್ಲ.

ಮೊಬೈಲಿನ ಕತೆಗಳ ಆ್ಯಪ್ ಒಂದರಲ್ಲಿ ಧಾರಾವಾಹಿ ಬರೆಯಲು ಶುರುಮಾಡಿದೆ. ನಾಯಕಿಯ ಹೆಸರು ರುದ್ರಾಣಿ, ಒಂದು ಕಾರ್ಖಾನೆಯ ಒಡತಿ. ಮೊದಲ ಎರಡು ಕಂತುಗಳಲ್ಲಿ ಆಕೆ ನಮ್ಮ ನರಸಮ್ಮಕ್ಕನೇ: ಅದೇ ನಗು, ಅದೇ ಮಾತು, ಕುರ್ಚಿಯ ಮಾತು ಸಮೇತ. ಓದಿದವರು, "ಇವಳ ಜಂಬ ಯಾವಾಗ ಇಳಿಸ್ತೀರಾ ಮೇಡಂ?" ಎಂದು ಬರೆದರು. ನನ್ನನ್ನು ಯಾರೂ ಮೇಡಂ ಎಂದು ಕರೆದಿರಲಿಲ್ಲ. ಮೂರನೆಯ ಕಂತಿನಲ್ಲಿ ರುದ್ರಾಣಿಗೆ ಕಪ್ಪು ಕನ್ನಡಕ, ಕೆಂಪು ಲಿಪ್‌ಸ್ಟಿಕ್ ಹಾಕಿದೆ. ನಾಲ್ಕರಲ್ಲಿ ಅವಳ ಕೈಲಿ ಡ್ರೈವರಿಗೆ ಹೊಡೆಸಿದೆ, ಐದರಲ್ಲಿ ಅತ್ತೆಯನ್ನು ಮನೆಯಿಂದ ಆಚೆ ಹಾಕಿಸಿದೆ. ಹೇಗೆ ಬರೆಯಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಟ್ಟಿಯಾಗಿ ಮಾತಾಡುವ ಹೆಂಗಸಿಗೆ ಕತೆಗಳಲ್ಲಿ ಮನಸ್ಸೇ ಇರುವುದಿಲ್ಲ ಎಂಬುದು ನನಗೆ ಅಆಇಈಯಷ್ಟೇ ಚೆನ್ನಾಗಿ ಗೊತ್ತಿತ್ತು. ಕೊನೆಗೆ ನಾಯಕ ಅವಳ ಕೆನ್ನೆಗೆ ಬಾರಿಸುತ್ತಾನೆ, ಅವಳು ಅಳುತ್ತಾ ಅತ್ತೆಯ ಪಾದ ತೊಳೆಯುತ್ತಾಳೆ. ಓದಿದವರು ಹೂವಿನ ಚಿತ್ರ ಕಳಿಸಿದ್ದೇ ಕಳಿಸಿದ್ದು. ನಾಚಿಕೆಯಿಲ್ಲದೆ ಹಿಗ್ಗಿದೆ.

ಕುರ್ಚಿಯ ಮಾತಿನಿಂದ ಊರಿನವರಿಗೆ ಗುರುತು ಸಿಕ್ಕಿತು. ಯಾರೋ ಕತೆಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಅಕ್ಕ ಕ್ಯಾನು ಹಿಡಿದು ಹೊರಟರೆ ಕಟ್ಟೆಯಿಂದ "ರುದ್ರಾಣಿ ಬಂದ್ಲು ಕಣ್ರಲಾ, ಏಳ್ರಿ!" ಎಂಬ ಕೂಗು. ಮೊದಮೊದಲು ಆಕೆಗೆ ಏನೆಂದು ತಿಳಿಯಲಿಲ್ಲ. ತಿಳಿದ ಮೇಲೂ ನನ್ನನ್ನು ಏನೂ ಕೇಳಲಿಲ್ಲ.

ಆ ವರ್ಷ ಅಧ್ಯಕ್ಷರ ಆಯ್ಕೆ ಬಂತು. ಎದುರಿಗೆ ನಿಂತವಳ ಪರವಾಗಿ ಮಾತಾಡಿದ್ದೆಲ್ಲ ಅವಳ ಗಂಡ. ಅಕ್ಕನ ಹೆಸರು ಕೂಗಿದಾಗ ಕೈ ಎತ್ತಿದ್ದು ಅಕ್ಕ ಒಬ್ಬಳೇ. ನಡಾವಳಿ ಬರೆಯುವ ನನಗೆ ಮತವಿರಲಿಲ್ಲ. ಗೌರಮ್ಮ ತಲೆ ತಗ್ಗಿಸಿ ಕೂತಿದ್ದಳು. ಆಚೆ ಬಂದ ಮೇಲೆ ತಡೆಯಲಾರದೆ ಕೇಳಿದೆ, "ನಿನ್ನ ಕುರ್ಚಿ ಮೇಲೆ ಕೂರ್ಸಿದ್ದೇ ಅಕ್ಕ. ಹಿಂಗ್ ಮಾಡ್ಬೋದಾ?"

"ಒಳ್ಳೇವ್ಳೇ ಕಣೇ. ಆದ್ರೆ ದುರಹಂಕಾರ ಜಾಸ್ತಿ ಅಲ್ವಾ?"

"ಯಾವತ್ತು ನೋಡ್ದೆ ನೀನು?"

ಗೌರಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನೀನೇ ಬರ್ದಿದ್ದೀಯಲ್ಲೇ."

ಆ ವಾರವೇ ಧಾರಾವಾಹಿಯನ್ನು ಅಳಿಸಿದೆ. ಅಷ್ಟರಲ್ಲಿ ಅದನ್ನು ಯಾರೋ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಹಂಚಿದ್ದರು. ಈಗಲೂ ಎಲ್ಲೆಲ್ಲಿಂದಲೋ ನನ್ನ ಫೋನಿಗೇ ಬರುತ್ತದೆ. ಅಕ್ಕನನ್ನು ಇದ್ದ ಹಾಗೇ ಇಟ್ಟು ಇನ್ನೊಂದು ಕತೆ ಬರೆದೆ. "ಇದರಲ್ಲಿ ಕತೆ ಎಲ್ಲಿದೆ ಮೇಡಂ?" ಎಂದು ಒಬ್ಬರು ಕೇಳಿದರು. ಮಿಕ್ಕವರು ಅದನ್ನೂ ಕೇಳಲಿಲ್ಲ.

ಅಕ್ಕ ಹಸುಗಳನ್ನು ಮಾರಿ ಮಾಲೂರಿನ ಮಗಳ ಮನೆಗೆ ಹೊರಟ ದಿನ ಮುಳಬಾಗಿಲು ಬಸ್ ಸ್ಟ್ಯಾಂಡಿಗೆ ಹೋದೆ. ಏನು ಹೇಳಬೇಕೋ ತಿಳಿಯದೆ ಆಕೆಯ ಬ್ಯಾಗು ಹಿಡಿದು ನಿಂತೆ.

"ಕೊನೇಲಿ ಆ ಹೆಣ್ಣಿಗೆ ಹೊಡೀತಾರಂತಲ್ಲ, ಯಾಕೆ ಸುಜಾತಾ?" ಅಂದಳು.

"ಓದೋರು ಕೇಳಿದ್ರು ಅಕ್ಕಾ."

ಆಕೆ ಬಸ್ಸು ಬರುವ ಕಡೆಗೆ ತಿರುಗಿದಳು. "ನಿಮ್ಮದೆಲ್ಲ ತಪ್ಪಾಗಿ ಬರೆದೆ, ಇನ್ನೊಂದ್ಸಲ ಸರಿಯಾಗಿ ಬರೀತೀನಿ" ಎಂದು ನಾನು ಅಳುತ್ತಾ ಹೇಳಿದೆ.

"ಪೋನೀಲೇ, ಹೋಗ್ಲಿ ಬಿಡು. ಬೇಡ ಕಣಮ್ಮಾ. ಒಳ್ಳೇದೂ ಬರೀಬೇಡ, ಕೆಟ್ಟದ್ದೂ ಬರೀಬೇಡ. ನನ್ನ ಪಾಡಿಗೆ ನನ್ನ ಬಿಟ್ಬಿಡು" ಎಂದು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದಳು. ಹೋದ ತಿಂಗಳು ಮಾಲೂರಿನಲ್ಲಿ ತೀರಿಕೊಂಡಳಂತೆ. ಆಕೆ ನನ್ನನ್ನು ಕೇಳಿಕೊಂಡದ್ದು ಅದೊಂದೇ. ಇದನ್ನು ಬರೆದು ಅದನ್ನೂ ನಾನು ನಡೆಸಿಕೊಡಲಿಲ್ಲ.