ಬ್ಯಾಟರಿಗೆ ಹಚ್ಚಿದ ಗಂಧ

ವಿಜಯದಶಮಿಯ ಸಂಜೆ ನಮ್ಮ ಮನೆಯ ರೇಡಿಯೋ ಮೂಕವಾಯಿತು. ಅದೂ ಯಾವ ಸಂಜೆ? ಎದುರುಮನೆಯ ಗಂಗಮ್ಮನವರ ಮಗಳು ಮೈಸೂರಿನಿಂದ ಮೊದಲ ಸಲ ರೇಡಿಯೋದಲ್ಲಿ ಹಾಡುವ ಸಂಜೆ.

ಹೊಳೆನರಸೀಪುರದ ನಮ್ಮ ಬೀದಿಗೆಲ್ಲ ಇರುವುದು ಈ ಒಂದೇ ಸೆಟ್ಟು. ಗಂಗಮ್ಮ ಹಬ್ಬದ ಸೀರೆ ಉಟ್ಟು ಮಧ್ಯಾಹ್ನವೇ ಬಂದು ಜಗಲಿಯಲ್ಲಿ ಕೂತಿದ್ದರು. ಗುಂಡಿ ತಿರುಗಿಸಿದೆ. ಸದ್ದಿಲ್ಲ. ಮತ್ತೆ ತಿರುಗಿಸಿದೆ. ಕೊರಕೊರ ಕೂಡ ಇಲ್ಲ.

ಬ್ಯಾಟರಿಯನ್ನು ಹಾಸನದಲ್ಲಿ ಚಾರ್ಜ್ ಮಾಡಿಸಿ ಬಸ್ಸಿನಲ್ಲಿ ತಂದವನು ತಮ್ಮನ ಮಗ ಶಿವಣ್ಣ. (ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.) ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡೆ. ಒಂದು ಬ್ಯಾಟರಿಯನ್ನು ಜೋಪಾನವಾಗಿ ತರಲಾರದವನು ಹುಡುಗರಿಗೆ ಏನು ಕಲಿಸುತ್ತೀಯೆ ಎಂದೆ. ಹಾಡಿನ ಹೊತ್ತು ಕಳೆಯಿತು. ಗಂಗಮ್ಮ ಸೆರಗು ಕೊಡವಿಕೊಂಡು ಎದ್ದುಹೋದರು.

ಬೆಳಿಗ್ಗೆ ಶಿವಣ್ಣ ಬ್ಯಾಟರಿಯ ಕ್ಲಿಪ್ಪು ಬಿಚ್ಚಿ ನನ್ನನ್ನು ಕರೆದ. "ದೊಡ್ಡಪ್ಪ, ಇದೇನ್ ಬಳ್ದಿದ್ದೀರ?"

ಏನೆಂದರೆ? ಮೊನ್ನೆ ಆಯುಧಪೂಜೆಯಲ್ಲವೆ? ನಮ್ಮ ಬಟ್ಟೆ ಅಂಗಡಿಯ ಗಜಕಡ್ಡಿ, ಕತ್ತರಿ, ಬೀಗ ಎಲ್ಲವನ್ನೂ ಸಾಲಾಗಿ ಇಟ್ಟು, ಒರೆಸಿ, ವಿಭೂತಿ ಗಂಧ ಹಚ್ಚುವುದು ನನ್ನ ಕ್ರಮ. ಬ್ಯಾಟರಿಯನ್ನು ಬಿಡುತ್ತೇನೆಯೇ? ತಂತಿ ಬಿಚ್ಚಿ, ಎರಡು ತುದಿಗೂ ದಪ್ಪಗೆ ಹಚ್ಚಿ, ಒಣಗಿದ ಮೇಲೆ ಮತ್ತೆ ಸಿಕ್ಕಿಸಿ ಕೈಮುಗಿದಿದ್ದೆ.

ಶಿವಣ್ಣ ಪಾಠ ಶುರುಮಾಡಿದ. ಲೋಹಕ್ಕೆ ಲೋಹ ತಾಗಿದೆ ಎಂದು ಕಣ್ಣಿಗೆ ಕಂಡರೆ ಸಾಲದಂತೆ. ನಡುವೆ ಕಾಣದ ಪೊರೆಯೊಂದು ಇರುತ್ತದಂತೆ. ಅದು ತೀರ ತೆಳುವಾಗಿದ್ದರೆ ಎಲೆಕ್ಟ್ರಾನುಗಳು ಹತ್ತಿ ಇಳಿಯದೆ, ತೂತನ್ನೂ ಕೊರೆಯದೆ ಹೇಗೋ ಆಚೆ ಬದಿ ಸೇರಿಬಿಡುತ್ತವಂತೆ. (ಹೇಗೆ ಎಂದು ಕೇಳಬೇಡಿ, ನನಗೂ ತಿಳಿಯಲಿಲ್ಲ.) ಕೊಂಚ ದಪ್ಪವಾದರೆ ಮುಗಿಯಿತು.

"ನಿಮ್ಮ ಗಂಧ ಅವಕ್ಕೆ ಕೋಟೆ ಗೋಡೆ ಆಗೋಗಿತ್ತು, ದೊಡ್ಡಪ್ಪ" ಎನ್ನುತ್ತ ಅವನು ಉಜ್ಜುಕಾಗದದಿಂದ ತಿಕ್ಕಿದ. ರೇಡಿಯೋ ಮಾತಾಡಿತು.

ಸದ್ದು ಕೇಳಿ ಗಂಗಮ್ಮ ಬಂದರು. ಏನಾಗಿತ್ತೆಂದು ಕೇಳಿದರು. ಶಿವಣ್ಣ ನನ್ನ ಮುಖ ನೋಡಿದ. ಗಂಧ ಅಡ್ಡ ಬಂದಿತ್ತು ಎಂದೆ. (ಯಾರು ಹಚ್ಚಿದ್ದು ಎಂಬುದನ್ನು ಜಾಣತನದಿಂದ ಬಿಟ್ಟೆ.)

"ಅಯ್ಯೋ, ಗಂಧ ತೇದ್ಕೊಟ್ಟೋಳು ನಾನೇ ಅಲ್ವಾ ಯಜಮಾನ್ರೆ. ಗಟ್ಟಿಯಾಗ್ಬುಟ್ಟಿತ್ತೇನೋ. ನನ್ನಿಂದ ಪಾಪ ಈ ಮೇಷ್ಟ್ರು ಬೈಸ್ಕೊಳ್ಳಂಗಾಯ್ತು."

ನಾನು ಪೇಟ ಸರಿಮಾಡಿಕೊಂಡು ಅಂಗಡಿಗೆ ಹೊರಟೆ.

ಈಗ ಎಲ್ಲವನ್ನೂ ನಿಮ್ಮ ಮುಂದೆ ಒಪ್ಪಿಕೊಂಡಿದ್ದೇನೆ. ಆದರೆ ಗಂಗಮ್ಮನವರಿಗೆ ಓದು ಬರುವುದಿಲ್ಲ ಎಂಬ ಧೈರ್ಯದಿಂದಲ್ಲವೆ ಇಷ್ಟನ್ನು ಬರೆದದ್ದು?