ಸಾಯಬಣ್ಣನ ಬಿಜಲಿ ಪಾನಾ

ನೀಲಾಬಾಯಿ ಸಾಯಬಣ್ಣನನ್ನು ಮೊದಲು ಕಂಡ ದಿನ ಆಕೆಯ ಸೊಂಟದ ಮೇಲೆ ತುಂಬಿದ ಕೊಡವಿತ್ತು, ಅವನ ಫಟಫಟಿ ಮೋಟಾರ್‌ಸೈಕಲ್ಲು ದಾರಿಗೆ ಅಡ್ಡ ನಿಂತಿತ್ತು. ಗೋರೆಗಾಂವ್‌ನ ಆ ಚಾಳಿನಲ್ಲಿ ನಳದಿಂದ ಖೋಲಿಗೆ ಬರಲು ಇದ್ದದ್ದು ಒಂದೇ ಓಣಿ. ಅದರ ನಡುವೆ ಗೋಣಿತಟ್ಟು ಹಾಸಿ, ಎಂಜಿನ್ನಿನ ಒಂದು ಬದಿ ಬಿಚ್ಚಿಟ್ಟುಕೊಂಡು ಒಬ್ಬ ಗಂಡಸು ಕುಳಿತಿದ್ದ. ಪಾನಾವನ್ನು, ಅಂದರೆ ಸ್ಪ್ಯಾನರನ್ನು, ನಟ್ಟಿಗೆ ಸಿಕ್ಕಿಸಿ, ಎಡಗೈಯಿಂದ ಹಿಡಿದು, ಹಿಮ್ಮಡಿಯಿಂದ ಒದೆಯುತ್ತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಗಾಡಿ ಸರಸ್ರಿ. ನೀರ ಒಯ್ಯಬೇಕು.”

“ಗಾಡಿ ಸರಿಯಂಗಿಲ್ಲ ಬಾಯಾರ. ನೀವ ಸರದ ಹೋಗ್ರಿ.”

“ನಾ ಸರದ್ರ ಗ್ವಾಡಿ ಒಳಗ ಹೋಗಬೇಕಾಗ್ತದ.”

“ಹಂಗಾರ ಕೊಡಾ ಇಳಸಿ ಕುಂದರ್ರಿ. ಈ ನಟ್ಟ ಬಿಚ್ಚೂ ತನಾ ನಾ ಏಳಾಂವಲ್ಲ.”

ನೀಲಾಬಾಯಿ ಕೊಡ ಇಳಿಸಲಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು, ಮುಂದಿನ ಗಾಲಿ ದಾಟಿಕೊಂಡೇ ಹೋದಳು. ಅವನ ತಲೆಯ ಮೇಲೆ ಒಂದಿಷ್ಟು ನೀರು ತುಳುಕಿತು. ಅವನು ಒರೆಸಿಕೊಳ್ಳಲೂ ಇಲ್ಲ. ಆಕೆ ಹಿಟ್ಟು ನಾದಿ, ರೊಟ್ಟಿ ಬಡಿದು ಮುಗಿಸುವ ತನಕ ಹೊರಗೆ ಒದೆಯುವ ಸದ್ದು ಕೇಳುತ್ತಲೇ ಇತ್ತು.

ನೀಲಾಬಾಯಿ ಸಿಂದಗಿ ಕಡೆಯವಳು. ಗಂಡ ಸತ್ತ ಮೇಲೆ ಊರಿನ ಒಂಟಿ ಕೂಲಿಗಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಮುಂಬಯಿಯಲ್ಲಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದಳು. ಸಾಯಬಣ್ಣ ಯಾರು, ಏನು ಎಂಬುದು ಆಕೆಗೆ ತಿಳಿದದ್ದು ಅವನ ಹೆಂಡತಿ ಸೋಮವ್ವನಿಂದ. ಸೋಮವ್ವ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ನೀಲಾಬಾಯಿಯ ಒಲೆಯ ಮುಂದೆ ಕುಳಿತು ಎಲ್ಲ ಹೇಳಿದಳು. ಸಾಯಬಣ್ಣ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಭಾರ ಇಳಿಸುವವನು. ಒಂದು ದಿನ ಪೆಟ್ಟಿಗೆಯ ಹಗ್ಗ ಹರಿದು ಬಲಗೈಯ ಮಣಿಕಟ್ಟು ಜಜ್ಜಿಹೋಯಿತು. ಮೂಳೆ ಕೂಡಿತು, ಆದರೆ ವಾರೆಯಾಗಿ ಕೂಡಿತು. ಬೆರಳು ಮುಚ್ಚುತ್ತಿದ್ದವು, ಹಗುರಾದದ್ದನ್ನು ಎತ್ತುತ್ತಿದ್ದ. ಏನಾದರೂ ಗಟ್ಟಿಯಾಗಿ ತಿರುವಿದರೆ ಮಾತ್ರ ನೋವು ಹೆಗಲಿಗೆ ಏರುತ್ತಿತ್ತು. ಗೋದಿಯವರು ಅವನನ್ನು ತೆಗೆದುಹಾಕದೆ, ನಸುಕಿನ ಪಾಳಿಯಲ್ಲಿ ಗೇಟು ಕಾಯಲು ಹಾಕಿದರು.

ನಸುಕಿನ ಪಾಳಿಗೆ ಹೋಗುವುದು ಹೇಗೆ? ಲೋಕಲ್ ಹತ್ತಿದರೆ ಬಾಗಿಲಲ್ಲಿ ಸರಳು ಹಿಡಿದು ಜೋತಾಡಬೇಕು. ಆ ಕೈಯಿಂದ ಒಂದು ಸಲ ಜೋತಾಡಿ, ದಾದರ್ ಹತ್ತಿರ ಬೆರಳು ಬಿಟ್ಟುಕೊಂಡು ಬೀಳುತ್ತಿದ್ದವನನ್ನು ಪಕ್ಕದವರು ಅಂಗಿ ಹಿಡಿದು ಎಳೆದುಕೊಂಡಿದ್ದರು. ಅದಕ್ಕೇ ಈ ಹಳೆಯ ಫಟಫಟಿ. ಆಕ್ಸಿಲರೇಟರ್ ತಿರುವಲು ಮಣಿಕಟ್ಟು ಬಗ್ಗದು ಎಂದು ಮೊಣಕೈಯನ್ನೇ ಕೆಳಗಿಳಿಸಿ ಓಡಿಸುವುದನ್ನು ಕಲಿತಿದ್ದ. ಫಟಫಟಿ ಇದ್ದರೆ ನೌಕರಿ ಇತ್ತು. ಅದು ನಿಂತರೆ ಊರಿನ ಬಸ್ಸು.

ಈಗ ಅದು ನಿಂತಿತ್ತು. ಕ್ಲಚ್ಚಿನ ಪ್ಲೇಟುಗಳು ಸವೆದು, ಎಂಜಿನ್ ಎಷ್ಟು ಕೂಗಿದರೂ ಗಾಲಿ ಮುಂದೆ ಹೋಗುತ್ತಿರಲಿಲ್ಲ. ಪ್ಲೇಟು ಬದಲಿಸಬೇಕಾದರೆ ನಡುವಿನ ದೊಡ್ಡ ನಟ್ಟು ಬಿಚ್ಚಬೇಕು. ಹಿಂದೊಮ್ಮೆ ರಸ್ತೆಯ ಮಿಸ್ತ್ರಿಯೊಬ್ಬ ಅದಕ್ಕೆ ಛಾಣ ಇಟ್ಟು ಸುತ್ತಿಗೆಯಿಂದ ಬಡಿದು, ಮೂಲೆಗಳನ್ನೆಲ್ಲ ಮುರಿದು, ಮತ್ತೆ ಹಾಗೆಯೇ ಬಡಿದು ಬಿಗಿದಿದ್ದ. ಅಂದಿನಿಂದ ಸಾಯಬಣ್ಣ ತನ್ನ ಗಾಡಿಯನ್ನು ಯಾರಿಗೂ ಮುಟ್ಟಿಸುತ್ತಿರಲಿಲ್ಲ.

ಸೋಮವ್ವನ ತಮ್ಮ ಹಣಮಂತ ದಾದರ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಅವನು ಕೆಟ್ಟವನಲ್ಲ. ಅಕ್ಕನ ಕಷ್ಟ ನೋಡಲಾರದೆ ಬಂದು ಬಂದು ಹೇಳುತ್ತಿದ್ದ.

“ಮಾಮಾ, ಹಟಾ ಬಿಡು. ಗ್ಯಾರೇಜಿಗೆ ಹಾಕೂಣು.”

“ನನ್ನ ಗಾಡಿಗೆ ಛಾಣ ಹಚ್ಚಾಂವ ಇನ್ನಾ ಹುಟ್ಟಿಲ್ಲ.”

“ಹುಟ್ಟಿ, ಹಚ್ಚಿ, ಹೋಗ್ಯಾನ. ನಟ್ಟ ನೋಡು, ಲಿಂಬಿಹಣ್ಣ ಆಗ್ಯದ.”

“ನಾನs ಬಿಚ್ಚತೀನಿ.”

“ಯಾವ ಕೈಲೆ?”

ಸಾಯಬಣ್ಣ ಪಾನಾವನ್ನು ಮತ್ತೆ ನಟ್ಟಿಗೆ ಸಿಕ್ಕಿಸಿದ. ಹಣಮಂತ ಎದ್ದು ನಿಂತು, ಆಯುಧಪೂಜೆಯ ಗಡುವು ಹಾಕಿ, ಕೊನೆಯ ಮಾತು ಹೇಳಿದ: “ಖಂಡೇಪೂಜಿ ತನಾ ನೋಡ್ತೀನಿ. ಅವತ್ತ ಗಾಡಿ ತಾನಾಗಿ ಓಡಿದ್ರ ನಾ ತುಟಿ ಬಿಚ್ಚಂಗಿಲ್ಲ. ಓಡಲಿಲ್ಲಂದ್ರ ಹಗ್ಗಾ ಕಟ್ಟಿ ಎಳಕೊಂಡ ಹೋಗ್ತೀನಿ. ನೀ ಅಕ್ಕನ್ನ ಕರಕೊಂಡು ಊರಿಗೆ ನಡಿ.”

“ಹಗ್ಗಾ ಗಟ್ಟಿದ ತಗೊಂಡ ಬಾ,” ಎಂದ ಸಾಯಬಣ್ಣ. “ನಿನ್ನ ಟ್ಯಾಕ್ಸಿ ಕೆಟ್ರ ನಾ ಎಳಕೊಂಡ ಬಿಟ್ಟ ಬರ್ತೀನಿ.”

ಅವನ ತಲೆಯಲ್ಲಿ ಒಂದು ಯೋಚನೆ ಆಗಲೇ ಕುಳಿತಿತ್ತು. ಗೋದಿಯಲ್ಲಿ, ಒಂದು ಪರದೇಶದ ಹಡಗಿನ ಮೇಲೆ, ಖಲಾಸಿಯೊಬ್ಬ ಬಿಜಲಿ ಪಾನಾ, ಅಂದರೆ ಕರೆಂಟಿನ ಪಾನಾ, ಹಿಡಿದು ಬೋಲ್ಟು ಬಿಚ್ಚುವುದನ್ನು ಅವನು ನೋಡಿದ್ದ. ಗುಂಡಿ ಒತ್ತಿದರೆ ಟರ್ರೆಂದು ಒಳಗಿನ ಸುತ್ತಿಗೆ ಸುತ್ತುತ್ತಾ ಬಡಿಯುತ್ತಿತ್ತು. ಏಟೆಲ್ಲ ಬೋಲ್ಟಿಗೆ ಬೀಳುತ್ತಿತ್ತು, ಖಲಾಸಿಯ ಕೈ ಕದಲುತ್ತಿರಲಿಲ್ಲ. ಇನ್ನೊಂದು ಕೈಯಲ್ಲಿ ಅವನು ಚಹಾ ಕುಡಿಯುತ್ತಿದ್ದ.

“ಅಂವ ಚಹಾ ಕುಡೀಲಾಕತ್ತಿದ್ದ ಅಕ್ಕಾ,” ಎಂದು ಸಾಯಬಣ್ಣ ನೀಲಾಬಾಯಿಗೆ ಹೇಳಿದ. ಅಷ್ಟರಲ್ಲಿ ಆಕೆ ಅವನಿಗೆ ಅಕ್ಕ ಆಗಿದ್ದಳು. “ಚಹಾ ಕುಡಕೋತ ಬಿಚ್ಚಿದ.”

ಒಡೆದ ಹಡಗುಗಳ ಸಾಮಾನು ಮಾರುವ ಜಾಗ ದಾರೂಖಾನಾ. ನೀಲಾಬಾಯಿಗೂ ಅಲ್ಲಿ ಕೆಲಸವಿತ್ತು. ರೊಟ್ಟಿಯ ಹಂಚು ನಡುವೆ ತೆಳ್ಳಗಾಗಿತ್ತು, ಹಡಗಿನ ತಗಡಿನ ಹಂಚು ಒಳ್ಳೆಯದು ಎಂದು ಸಾಯಬಣ್ಣನೇ ಹೇಳಿದ್ದ. ಇಬ್ಬರೂ ಒಟ್ಟಿಗೆ ಹೋದರು.

ಅಂಗಡಿಯ ಮುದುಕ ಚಾಚಾ ಎರಡು ಯಂತ್ರ ತೆಗೆದಿಟ್ಟ. ಒಂದು ದೊಡ್ಡದು, ಇನ್ನೊಂದು ಅದರ ಅರ್ಧ. ಸಾಯಬಣ್ಣ ನೇರವಾಗಿ ದೊಡ್ಡದಕ್ಕೇ ಕೈ ಹಾಕಿದ. ಹಮಾಲಿ ಮಾಡಿದವನು; ಭಾರವಾದದ್ದೇ ಒಳ್ಳೆಯದು ಎಂದು ಅವನ ಮೈಗೆ ಗೊತ್ತಿತ್ತು. ಎಡಗೈಯಲ್ಲಿ ಎತ್ತಿ ತೂಗಿ ನೋಡಿ ಮುಖ ಅರಳಿಸಿದ.

“ಯಾವ ಕೈಲೆ ಹಿಡದೀಯಪ್ಪಾ?” ಎಂದಳು ನೀಲಾಬಾಯಿ.

“ಎಡಗೈಲೆ.”

“ಎಡಗೈ ಗಟ್ಟಿ ಅದ. ಗಟ್ಟಿ ಇದ್ದದ್ದಕ್ಕ ಯಾಕ ಬೇಕು ಬಿಜಲಿ? ಬಲಗೈಯಾಗ ಹಿಡಿ.”

ಬಲಗೈಯಲ್ಲಿ ಹಿಡಿದಾಗ ದೊಡ್ಡದು ಮಣಿಕಟ್ಟನ್ನು ಕೆಳಗೆ ಜಗ್ಗಿತು. ಅವನು ಹಲ್ಲು ಕಚ್ಚಿ ಹಿಡಿದೇ ಇದ್ದ. ಚಾಚಾ ನಕ್ಕು, ಯಂತ್ರದ ತಗಡಿನ ಮೇಲಿನ ಅಂಕಿಗೆ ಬೆರಳಿಟ್ಟ. “ಏಕ್ ಸೌ ದಸ್. ಜಹಾಜ್ ಕಾ ಹೈ ಭಾಯಿ.” ಹಡಗಿನ ಕರೆಂಟು ನೂರಾ ಹತ್ತು ವೋಲ್ಟಿನದು, ಚಾಳಿನ ಕರೆಂಟು ಅದರ ಎರಡರಷ್ಟು, ಸಿಕ್ಕಿಸಿದ ಗಳಿಗೆಗೆ ಸುಟ್ಟುಹೋಗುತ್ತದೆ ಎಂದು ಬಿಡಿಸಿ ಹೇಳಿದ. ಚಿಕ್ಕದರ ಮೇಲೆ ಇನ್ನೂರಾ ಇಪ್ಪತ್ತು ಎಂದಿತ್ತು. ಅದನ್ನು ಬಲಗೈ ತಾಳಿತು.

ಸಾಯಬಣ್ಣ ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಅಂಗಡಿಯ ಹಲಗೆಯಲ್ಲಿ ತುಕ್ಕು ಹಿಡಿದ ಬೋಲ್ಟೊಂದಿತ್ತು. ಅದನ್ನು ಬಿಚ್ಚಿ ತೋರಿಸು ಎಂದ. ಚಾಚಾ ಬಿಚ್ಚಿದ. ಮತ್ತೆ ಬಿಗಿ, ನಾನೇ ಬಿಚ್ಚುತ್ತೇನೆ ಎಂದ ಸಾಯಬಣ್ಣ. ಬಿಚ್ಚಿದ. ವಯರು ಎಲ್ಲಿಯಾದರೂ ಸೀಳಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿದ. ಹೊಳೆಯುವ ತೆಳು ಗೋಟಿಗಳನ್ನು, ಅಂದರೆ ನಟ್ಟಿನ ಮೇಲೆ ಟೋಪಿಯ ಹಾಗೆ ಕೂರುವ ಪುಟ್ಟ ಕಬ್ಬಿಣದ ಬಟ್ಟಲುಗಳನ್ನು, ಚಾಚಾ ಬದಿಗೆ ಸರಿಸಿ ಕಪ್ಪು ಬಣ್ಣದ ದಪ್ಪ ಗೋಟಿ ಕೊಟ್ಟ. ಹೊಳೆಯುವುದು ಈ ಏಟಿಗೆ ಸೀಳಿ ಕಣ್ಣಿಗೆ ಹಾರುತ್ತದಂತೆ. ಸವೆದ ನಟ್ಟಿಗೆ ಒಂದು ನೂಲಷ್ಟು ಚಿಕ್ಕ ಗೋಟಿ ಬಡಿದು ಕೂರಿಸು ಎಂದೂ ಹೇಳಿದ. ಕೊನೆಗೆ ಒಂದು ಮಾತು: ಇದರಿಂದ ಬಿಚ್ಚು, ಬಿಗಿಯಬೇಡ, ಬಿಗಿಯುವುದು ಕೈಯ ಕೆಲಸ.

ಚಾಳಿನಲ್ಲಿ ಮೊದಲ ಸಲ ಗುಂಡಿ ಒತ್ತಿದಾಗ ನಟ್ಟು ಬಿಚ್ಚುವ ಮೊದಲೇ ಓಣಿಯ ಫ್ಯೂಜು ಹೋಯಿತು. ಎಲ್ಲರ ಮನೆಯ ರೇಡಿಯೋ ಒಟ್ಟಿಗೇ ಬಾಯಿ ಮುಚ್ಚಿದವು. ಮೀಟರ್ ಖೋಲಿಯ ಬೀಗದ ಕೈ ಇದ್ದದ್ದು ಮೋನಪ್ಪನ ಹತ್ತಿರ. ಅವನು ಉಡುಪಿ ಕಡೆಯವನು, ಫೋರ್ಟಿನ ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಿದ್ದ.

“ಇದು ಚಾಳು ಮಾರಾಯ್ರೆ, ನಿಮ್ಮ ಕಾರ್ಖಾನೆ ಅಲ್ಲ.”

“ಫ್ಯೂಜಿನ ತಂತಿ ನಾ ಹಾಕಿ ಕೊಡ್ತೀನ್ರಿ.”

“ತಂತಿ ನೀವು ಹಾಕುವುದು, ಬೈಗುಳ ನಾನು ತಿನ್ನುವುದಾ? ಹಬ್ಬ ಮುಗಿಯುವವರೆಗೆ ಅದನ್ನು ಮುಟ್ಟುವುದು ಬೇಡ.”

“ಹಬ್ಬದ ದಿನಾನೇ ಮುಟ್ಟತೀನಿ,” ಎಂದ ಸಾಯಬಣ್ಣ. “ಹೇಳಿ ಮುಟ್ಟತೀನಿ. ಕದ್ದ ಮುಟ್ಟಂಗಿಲ್ಲ.”

ಖಂಡೇಪೂಜೆಯ ದಿನ ಬೆಳಗ್ಗೆ ಅವನು ಪಾಳಿ ಮುಗಿಸಿ ಲೋಕಲ್‌ನಲ್ಲಿ ಜಜ್ಜಿಸಿಕೊಂಡು ಬಂದು ನೋಡಿದರೆ, ಎಲ್ಲ ಮುಗಿದುಹೋಗಿತ್ತು. ಸೋಮವ್ವ ಮನೆಯ ಕಬ್ಬಿಣವನ್ನೆಲ್ಲ ಜಗಲಿಯ ಮೇಲೆ ಪೂಜೆಗೆ ಇಟ್ಟಿದ್ದಳು. ಈಳಿಗೆ, ಸಲಿಕೆ, ಪಾನಾಗಳು, ನಡುವೆ ಬಿಜಲಿ ಪಾನಾ. ಹಬ್ಬಕ್ಕೆ ಆಯುಧ ಬೆಳಗದೆ ಇಡುವುದುಂಟೇ? ಬೂದಿ ಹಾಕಿ ತಿಕ್ಕಿ, ಎಲ್ಲವನ್ನೂ ನಳದ ಕೆಳಗೆ ಹಿಡಿದು ತೊಳೆದಿದ್ದಳು. ಬಿಜಲಿ ಪಾನಾವನ್ನೂ ತೊಳೆದಿದ್ದಳು. ವಿಭೂತಿ, ಕುಂಕುಮ, ಚೆಂಡುಹೂವು. ಅದರ ಗಾಳಿಕಿಂಡಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಾಯಬಣ್ಣ ಅದರ ಮೇಲಿನ ಚೆಂಡುಹೂವು ಬದಿಗಿಟ್ಟ. ಆಮೇಲೆ ಬಾಗಿ ಅದನ್ನು ಎತ್ತಿದ.

ಸೋಮವ್ವ ಅಡ್ಡ ಬಂದಳು. “ಪೂಜಿಗೆ ಇಟ್ಟದ್ದು. ನಾಳಿ ಬನ್ನಿ ಮುಡಿಯೂ ತನಾ ಮುಟ್ಟಬಾರದು. ಏನರ ಆದ್ರ?”

“ಆಗೂದು ಇವತ್ತ ಆಗ್ಯದ. ನಿನ್ನ ತಮ್ಮ ಹಗ್ಗಾ ತಗೊಂಡ ಬರ್ತಾನ.”

“ಅಕ್ಕಾ, ನೀವರ ಹೇಳ್ರಿ,” ಎಂದು ಸೋಮವ್ವ ನೀಲಾಬಾಯಿಯ ಕಡೆ ತಿರುಗಿದಳು.

ನೀಲಾಬಾಯಿ ದೇವರಿಗೆ ಅಂಜುವವಳು. ತನ್ನ ಹಂಚನ್ನೂ ಆ ದಿನ ಪೂಜೆಗೆ ಇಟ್ಟಿದ್ದಳು. ಹಬ್ಬದ ಅಡುಗೆ ಹೇಗೂ ಪಾತ್ರೆಯದು, ಹಂಚು ಬೇಕಾಗುತ್ತಿರಲಿಲ್ಲ. ಆಕೆ ಎದ್ದು ಹೋಗಿ, ಹಂಚಿನ ಕುಂಕುಮ ಒರೆಸಿ, ಒಲೆಯ ಮೇಲೆ ಇಟ್ಟಳು.

“ದೇವರು ಬೈದ್ರ ಇಬ್ಬರ್ನೂ ಬೈಲಿ,” ಎಂದಳು. “ತಾ ಇಲ್ಲಿ. ನೀರ ಝಾಡಿಸಿ ತಾ.”

ಹಂಚನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಅದರ ಪಕ್ಕದಲ್ಲಿ, ಮುಟ್ಟದಷ್ಟು ದೂರದಲ್ಲಿ, ಯಂತ್ರವನ್ನು ಇಟ್ಟಳು. ಸಾಯಬಣ್ಣ ಅದರ ಮೇಲಿನ ಮುಚ್ಚಳ ತೆಗೆದಿದ್ದ. ಆಕೆ ರೊಟ್ಟಿಯ ಹಾಗೆ ಅದನ್ನು ಮಗ್ಗುಲು ಮಗ್ಗುಲು ತಿರುವುತ್ತಾ ಕುಳಿತಳು. ಅವಸರ ಮಾಡಿದರೆ ಒಳಗಿನ ತಂತಿಯ ಬಣ್ಣ ಸುಡುತ್ತದೆ ಎಂದು ಸಾಯಬಣ್ಣ ಹೇಳಿದ್ದ. ಅವಸರ ಆಕೆಯ ಸ್ವಭಾವವೇ ಅಲ್ಲ. ಮೊದಲು ಹಬೆ ಬಂತು, ನಿಂತಿತು, ಮತ್ತೆ ತಿರುವಿದಾಗ ಮತ್ತೆ ಬಂತು. ಪೂರಾ ನಿಂತದ್ದು ಮಧ್ಯಾಹ್ನ.

ಅಷ್ಟರಲ್ಲಿ ಹಣಮಂತ ಬಂದ. ಹೆಗಲ ಮೇಲೆ ಹಗ್ಗವಿತ್ತು. ಮೋನಪ್ಪನೂ ಬಂದು ನಿಂತ.

“ಶಾಕ್ ಹೊಡೆದರೆ ನನ್ನ ಹೆಸರು ಹೇಳಬೇಡಿ,” ಎಂದ ಮೋನಪ್ಪ.

“ನಿಮ್ಮ ಹೆಸರ ನೆನಪ ಇದ್ರ ಹೇಳೂದು. ಎಲ್ಲಾರ ಲೈಟ ಬಂದ್ ಮಾಡಸ್ರಿ, ಫ್ಯೂಜಿಗೆ ಭಾರ ಕಮ್ಮಿ ಆಗ್ತದ.”

ಮೋನಪ್ಪ ಗೊಣಗಿಕೊಂಡೇ ಒಂದೊಂದು ಬಾಗಿಲು ತಟ್ಟುತ್ತಾ ಹೋದ. ಸಾಯಬಣ್ಣ ರಬ್ಬರ್ ಚಪ್ಪಲಿ ಮೆಟ್ಟಿ, ಮುರಿದ ನಟ್ಟಿನ ಮೇಲೆ ಕಪ್ಪು ಗೋಟಿಯನ್ನು ಬಡಿದು ಕೂರಿಸಿದ. ಯಂತ್ರವನ್ನು ಬಲಗೈಯಲ್ಲೇ ಹಿಡಿದ. ಎಡಗೈ ಬೆನ್ನ ಹಿಂದೆ ಇಟ್ಟುಕೊಂಡ. ಅದು ಹಣಮಂತ ನೋಡಲಿ ಎಂದೇ.

ಗುಂಡಿ ಒತ್ತಿದ. ಓಣಿಯೆಲ್ಲ ಟರ್ರೆಂದಿತು. ಗೋಟಿ ನಡುಗಿತು, ತಿರುಗಲಿಲ್ಲ. ಬಿಟ್ಟ. ಮತ್ತೆ ಒತ್ತಿದ. ವಿಭೂತಿ ಉದುರಿತು. ಸೋಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮೂರನೆಯ ಸಲ ಸದ್ದು ಬದಲಾಯಿತು. ಗಡುಸಾಗಿದ್ದದ್ದು ಒಮ್ಮೆಲೇ ಸಡಿಲಾಗಿ, ನಟ್ಟು ಗೋಟಿಯೊಳಗೆ ಗಿರಗಿರ ತಿರುಗಿತು. ಫ್ಯೂಜು ಹೋಗಲಿಲ್ಲ.

ಸಾಯಬಣ್ಣ ಹಳೆಯ ಪ್ಲೇಟು ತೆಗೆದು, ಹೊಸದು ಜೋಡಿಸಿ, ಹೊಸ ನಟ್ಟು ಬೆರಳಿನಿಂದ ಕೂರಿಸಿದ.

“ಅದರಲೆ ಬಿಗಿ ಮಾಮಾ, ಲಗೂ ಆಗ್ತದ,” ಎಂದ ಹಣಮಂತ.

“ಬಿಗ್ಯೂದು ಕೈಲೆ. ನೀ ಗಾಡಿ ಮ್ಯಾಲ ಕುಂದರು. ಗೇರ್ ಹಾಕಿ ಬ್ರೇಕ್ ಒತ್ತಿ ಹಿಡಿ, ಅಂದ್ರ ಅದು ತಿರುಗಂಗಿಲ್ಲ.”

ಎಳೆದುಕೊಂಡು ಹೋಗಲು ಬಂದವನು ಹಗ್ಗ ಹೆಗಲ ಮೇಲಿದ್ದ ಹಾಗೆಯೇ ಗಾಡಿ ಏರಿ ಬ್ರೇಕ್ ಒತ್ತಿ ಹಿಡಿದ. ಸಾಯಬಣ್ಣ ಉದ್ದ ಹಿಡಿಯ ಪಾನಾದಿಂದ, ಎಡಗೈಯಲ್ಲಿ, ನಟ್ಟು ಬಿಗಿದ. ಸಂಜೆ ಫಟಫಟಿ ಚಾಳಿನ ಸುತ್ತ ಓಡಿತು. ಸೋಮವ್ವ ಅದರ ಗಾಲಿಗೆ ಲಿಂಬೆಹಣ್ಣು ಇಡುವುದನ್ನು ಮರೆತಿದ್ದಳು. ಏನೂ ಆಗಲಿಲ್ಲ.

ಅವನು ಊರಿಗೆ ಹೋಗಲಿಲ್ಲ. ವರ್ಷಾನುಗಟ್ಟಲೆ ಅದೇ ಗಾಡಿಯಲ್ಲಿ ಗೋದಿಗೆ ಹೋದ. ಭಾನುವಾರ ಓಣಿಯಲ್ಲಿ ಗೋಣಿತಟ್ಟು ಹಾಸುತ್ತಿದ್ದ. ನೀಲಾಬಾಯಿ ಕೊಡ ಹೊತ್ತು ಗಾಲಿ ದಾಟುತ್ತಿದ್ದಳು. ಯಾರೂ ಯಾರಿಗೂ ದಾರಿ ಬಿಡಲಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯ ಬೇಸಗೆಯಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಗಟ್ಟಿಯಿದ್ದ ಎಡಗೈ ಹೋಯಿತು. ಬಲಗೈ ಯಂತ್ರದ ಭಾರ ತಾಳದಷ್ಟು ಸೋತಿತ್ತು. ಹಣಮಂತ ಈ ಸಲ ಹಗ್ಗ ತರಲಿಲ್ಲ. ಗಾಡಿ ಇರಲಿ, ನಿಂತೇ ಇರಲಿ ಎಂದ. ಆ ಮಾತು ಸಾಯಬಣ್ಣನಿಗೆ ಹಿಡಿಸಲಿಲ್ಲ; ನಿಂತ ಗಾಡಿಯನ್ನೂ ಬಿಚ್ಚಿ ಜೋಡಿಸುತ್ತಿರಬೇಕು ಎನ್ನುವವನು ಅವನು.

ಒಂದು ಮಧ್ಯಾಹ್ನ, ಸೋಮವ್ವ ಕೆಲಸಕ್ಕೆ ಹೋದಾಗ, ಓಣಿಯಿಂದ ಅವನು ನೀಲಾಬಾಯಿಯನ್ನು ಕೂಗಿದ. ತೆವಳಿಕೊಂಡು ಬಂದು ಗಾಡಿಯ ಬದಿಗೆ ಕುಳಿತಿದ್ದ. ಯಂತ್ರದ ವಯರು ಸಿಕ್ಕಿಸಿತ್ತು, ಗೋಟಿ ಹಿಂದಿನ ಗಾಲಿಯ ನಟ್ಟಿನ ಮೇಲಿತ್ತು.

“ಹಿಡೀರಿ ಅಕ್ಕಾ. ನನ್ನ ಕೈಯಾಗ ನಿಲ್ಲವಲ್ದು.”

“ನಾ ರೊಟ್ಟಿ ಬಡಿಯಾಕಿ.”

“ಇದೂ ಬಡಿಯೂದs. ಎರಡೂ ಕೈಲೆ ಹಿಡೀರಿ, ನೆಟ್ಟಗ.”

ಆಕೆ ಕುಳಿತಳು. ಎರಡೂ ಕೈಯಿಂದ ಹಿಡಿದು, ಅವನು ಹೇಳಿದ ಹಾಗೆ ನೇರ ಒತ್ತಿ, ಗುಂಡಿ ಅದುಮಿದಳು. ಕೈ ಜುಮ್ಮೆಂದಿತು, ತಿರುಚಲಿಲ್ಲ. ನಟ್ಟು ಸಡಿಲಾಗಿ ಗೋಟಿಯೊಳಗೆ ತಿರುಗಿತು. ಆಕೆ ಬೆವರು ಒರೆಸಿಕೊಂಡು ಯಂತ್ರವನ್ನು ಕೆಳಗಿಡಲು ಹೋದಳು. ಸಾಯಬಣ್ಣ ಬಾಯಿ ಒಂದು ಬದಿಗೆ ಎಳೆದುಕೊಂಡೇ ನಕ್ಕ. ಆ ವಾರ ಕಳೆಯುವುದರೊಳಗೆ ಅವನಿಗೆ ಎರಡನೆಯ ಸಲ ಲಕ್ವಾ ಹೊಡೆದು ಮಾತು ನಿಂತಿತು. ಆಮೇಲೆ ಅವನು ನೀಲಾಬಾಯಿಯನ್ನು ಏನೂ ಕೇಳಲಿಲ್ಲ. ಆ ಮಧ್ಯಾಹ್ನ ಕೇಳಿದ್ದು ಇಷ್ಟು:

“ಇನ್ನೊಂದ ನಟ್ಟ ಅದ ಅಕ್ಕಾ. ಅದನ್ನೂ ಬಿಚ್ಚೂಣೇನು?”