ಉಪ್ಪಿನಕಾಯಿ ಜಾಡಿಯ ಕೆಳಗಿದ್ದ ಮುಖ

ಬರ್ಕ್ಲಿಯಿಂದ ಕ್ಯಾಲಿಫೋರ್ನಿಯಾದಲ್ಲೇ ಇರುವ ಈ ಡಬ್ಲಿನ್‌ಗೆ ಬರುವಾಗ ಹೊತ್ತು ತಂದಿದ್ದ ಹಳೇ ಕಪಾಟನ್ನು ಕೊನೆಗೂ ಆಚೆ ಹಾಕೋಣವೆಂದು ಈ ವರ್ಷ ಖಾಲಿ ಮಾಡುತ್ತಿದ್ದೆ. ಕೆಳಗಿನ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಕಡೆ, ಹಾಸಿದ್ದ ಕಾಗದ ಮರಕ್ಕೆ ಅಂಟಿಕೊಂಡಿತ್ತು. ಇಂಗು, ಸಾಸಿವೆ, ಕಮಟು ಎಣ್ಣೆಯ ವಾಸನೆ. ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ ಮಗುಚಿದೆ. ಇದ್ದಿಲಲ್ಲಿ ಬರೆದ ಒಬ್ಬ ಯುವಕನ ಮುಖ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಬರೆದವರು ಯಾರೆಂದು ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ನಾವಿದ್ದ ಬರ್ಕ್ಲಿಯ ಅಪಾರ್ಟ್‌ಮೆಂಟಿನಲ್ಲಿ ಮಹಡಿ ಮೇಲಿದ್ದವರು. ತಾನು ಗಂಡಸರನ್ನು ಪ್ರೀತಿಸುವ ಗಂಡಸು ಎಂದು ಮೊದಲ ವಾರವೇ ಹೇಳಿದ್ದರು. ಏಡ್ಸ್ ಬಂದು ಸಾಯುತ್ತಿದ್ದ ಗೆಳೆಯರ ಹಾಸಿಗೆಯ ಪಕ್ಕ ಕೂತು ಅವರ ಮುಖ ಬರೆಯುವುದು, ಆ ಮುಖಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಸರ್ಕಾರ ಔಷಧಿ ಒದಗಿಸಲೆಂದು ನಡೆಸುತ್ತಿದ್ದ ಮೆರವಣಿಗೆಯಲ್ಲಿ ಹಿಡಿಯುವುದು, ಪೊಲೀಸರು ಎಳೆದುಕೊಂಡು ಹೋದರೆ ಮಾರನೇ ವಾರ ಮತ್ತೆ ಹೋಗಿ ನಿಲ್ಲುವುದು... ಅದೇ ಅವರ ಕೆಲಸ. ನನಗೆ ಅವರು ಬೇಕಾಗಿದ್ದ ಕಾರಣವೇ ಬೇರೆ. ನನ್ನ ಹರುಕುಮುರುಕು ಇಂಗ್ಲಿಷನ್ನು ಕೊನೆತನಕ ಕಾದು ಕೇಳುತ್ತಿದ್ದವರು ಆ ಕಟ್ಟಡದಲ್ಲಿ ಅವರೊಬ್ಬರೇ. ಡಬ್ಬಿಯಲ್ಲಿ ಸಾರು ಕಳಿಸುತ್ತಿದ್ದೆ. ನಮ್ಮ ಕಡೆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ ಎಂದು ಒಮ್ಮೆ ಮಾತಿಗೆ ಹೇಳಿದ್ದೇ ತಡ, ಪ್ರತಿ ಸಲವೂ ಅದರಲ್ಲಿ ಹಿತ್ತಿಲ ನಿಂಬೆಹಣ್ಣು ಬರತೊಡಗಿತು. ಉಪ್ಪಿನಕಾಯಿ ಹಾಕುತ್ತಿದ್ದದ್ದು ಅದರದ್ದೇ.

ನಾನು ಬಸುರಿಯಾಗಿದ್ದಾಗ ಅವರಿಗೂ ಆ ಕಾಯಿಲೆ ಬಲಿತಿತ್ತು. ಆಸ್ಪತ್ರೆ ಸೇರುವ ಹಿಂದಿನ ದಿನ ಡಬ್ಬಿ ಕೊಡಲು ಬಂದರು. ಕಂಕುಳಲ್ಲಿ ದೊಡ್ಡದೊಂದು ಕಟ್ಟು.

"ಈ ಸಲದ್ದು ಡಬ್ಬಿಯೊಳಗೆ ಹಿಡಿಸಲಿಲ್ಲ" ಎಂದು ನಕ್ಕರು. ಗೆಳೆಯರ ಮುಖಗಳೆಲ್ಲ ಅದರಲ್ಲಿದ್ದವು. "ನಾನು ಹೋದ ಮರುದಿನವೇ ನಮ್ಮಣ್ಣ ಬಂದು ಇವನ್ನೆಲ್ಲ ಕಸಕ್ಕೆ ಹಾಕ್ತಾನೆ. ನೀನು ಇಟ್ಕೋ. ಯಾರಾದರೂ ಕೇಳಿಕೊಂಡು ಬಂದರೆ ಕೊಡು."

ಆಯಿತು ಎಂದೆ. ಅವರ ಕೈ ಹಿಡಿದುಕೊಂಡು ಆಯಿತು ಎಂದೆ.

ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬಂದಳು. ಮಂಚದ ಕೆಳಗಿದ್ದ ಕಟ್ಟು ಬಿಚ್ಚಿ "ಯಾರೇ ಇವರೆಲ್ಲ?" ಎಂದಳು. ಮಹಡಿ ಮೇಲಿನವರ ಸ್ನೇಹಿತರು, ಈಗ ಯಾರೂ ಇಲ್ಲ ಎಂದೆ. ಅಮ್ಮ ಕಟ್ಟನ್ನು ಅಲ್ಲೇ ಕೈಬಿಟ್ಟಳು.

"ಅಯ್ಯೋ ಶಿವನೇ! ದಿನ ತುಂಬಿದೋಳು ಮಲಗೋ ಮಂಚದ ಕೆಳಗೆ ಸತ್ತೋರ ಮುಖ ಇಟ್ಕೊಂಡಿದೀಯಲ್ಲೇ! ನಿನ್ನ ಬುದ್ಧಿಗೇನು ಮಂಕು ಬಡಿದಿದೆಯೇನೇ? ಮೊದಲು ಆಚೆ ಹಾಕು!"

ಎಲ್ಲ ಅಮ್ಮನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದು. ಆದರೆ ಹೆದರಿದ್ದು ನಾನು. ಎರಡು ದಿನದಿಂದ ಮಗು ಮಿಸುಕಾಡಿದ್ದೇ ಕಡಿಮೆ ಅನ್ನಿಸುತ್ತಿತ್ತು. ಕಾರಿನ ಡಿಕ್ಕಿಯಲ್ಲಿ ಇಡಬಹುದಿತ್ತು, ಗಂಡನ ಆಫೀಸಿಗೆ ಕಳಿಸಬಹುದಿತ್ತು... ಹಾಳಾದ್ದು, ಯಾವುದೂ ತೋಚಲಿಲ್ಲ. ಕಸದ ಗಾಡಿ ಬರುವ ದಿನ ಬೆಳಿಗ್ಗೆ ನನ್ನ ಕೈಯಾರೆ ತೊಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದೆ. ಒಂದು ಹಾಳೆ ಮಾತ್ರ ಜಾರಿ ಮಂಚದ ಕೆಳಗೇ ಉಳಿದಿರಬೇಕು. ಗುಡಿಸುವಾಗ ಅಮ್ಮ ಅದರ ಬಿಳೀ ಬದಿ ನೋಡಿ, ಗಟ್ಟಿ ಕಾಗದವೆಂದು ಗೂಡಿಗೆ ಹಾಸಿದ್ದಾಳೆ.

ಮಗಳಿಗೆ ಎರಡು ತಿಂಗಳು ತುಂಬಿದ ಮೇಲೆ ಆಸ್ಪತ್ರೆಗೆ ಹೋದೆ. ಮೂಳೆ ಚಕ್ಕಳ ಬಿಟ್ಟರೆ ಅವರಲ್ಲಿ ಏನೂ ಉಳಿದಿರಲಿಲ್ಲ. "ನನ್ನ ಹುಡುಗರು ಹೇಗಿದ್ದಾರೆ?" ಎಂದರು. ಆ ಚಿತ್ರಗಳನ್ನು ಹಾಗೇ ಕರೆಯುತ್ತಿದ್ದರು.

"ಜೋಪಾನವಾಗಿದ್ದಾರೆ ಅಂಕಲ್" ಎಂದೆ.

ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಆ ವಾರವೇ ಹೋಗಿಬಿಟ್ಟರು...

ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಹೆಸರಿನದೇ ಒಂದು ಮ್ಯೂಸಿಯಂ ಇದೆ. ಕಾಗದವನ್ನು ಸೀರೆಯಲ್ಲಿ ಸುತ್ತಿಕೊಂಡು ರೈಲು ಹತ್ತಿ ಹೋದೆ. ಅವರ ಕುಂಚಗಳು, ಮೆರವಣಿಗೆಯ ಪೋಸ್ಟರುಗಳು, ಬಣ್ಣ ಮೆತ್ತಿದ ಅಂಗಿ ಎಲ್ಲ ಇದ್ದವು. ಕಳೆದುಹೋದ ಮುಖಗಳಿಗೆಂದು ಒಂದು ಇಡೀ ಗೋಡೆ ಖಾಲಿ ಬಿಟ್ಟಿದ್ದರು. ನಾನು ಸೀರೆ ಬಿಚ್ಚಿದ್ದನ್ನು ನೋಡಿ ಅಲ್ಲಿಯ ಮೇಲ್ವಿಚಾರಕಿ ಅತ್ತೇಬಿಟ್ಟಳು. ಉಳಿದವು ಎಲ್ಲಿವೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ಆ ಖಾಲಿ ಗೋಡೆಯ ಮೇಲೆ ಅವನೊಬ್ಬನೇ ಇದ್ದ, ಕೆನ್ನೆಯ ಮೇಲೆ ನನ್ನ ಜಾಡಿಯ ಎಣ್ಣೆಗುರುತು. ಕೆಳಗೆ ಒಂದು ಚೀಟಿ: ಇಷ್ಟು ವರ್ಷ ಇದನ್ನು ಜೋಪಾನ ಮಾಡಿದವರು ನೆರೆಮನೆಯ ಒಬ್ಬ ಮಹಿಳೆ. ಆ ಮಹಿಳೆ ನಾನೇ ಎಂದು ಯಾರೋ ತೋರಿಸಿದ್ದಕ್ಕೆ, ಕೋಲೂರಿಕೊಂಡು ನಿಂತಿದ್ದ ಒಬ್ಬ ಮುದುಕರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ನನ್ನವನ ಮುಖವನ್ನೂ ಅವರು ಬರೆದಿದ್ದರು. ಅವನ ಫೋಟೋ ನನ್ನ ಹತ್ತಿರ ಒಂದೂ ಇಲ್ಲ. ಸಿಗಬಹುದು ಅಲ್ವಾ?"

"ಹುಡುಕ್ತಿದ್ದಾರೆ, ಸಿಗುತ್ತೆ" ಎಂದುಬಿಟ್ಟೆ.

ಆ ಮುದುಕರಿಗೆ ನಿಜ ಹೇಳಬೇಕೆಂದು ಮೂರು ಸಲ ಇಂಗ್ಲಿಷಿನಲ್ಲಿ ಪತ್ರ ಬರೆದೆ, ಮೂರು ಸಲವೂ ಹರಿದು ಹಾಕಿದೆ. ಕೊನೆಗೆ ಎಲ್ಲವನ್ನೂ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಅಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ.